ಎಡ ತಟ್ಟೆ, ಬಲ ತಟ್ಟೆ

ಮಾರ್ಚ್ 4, ಮಂಗಳವಾರ

ಇದೊಂದನ್ನು ಬರೆಯುವುದೇ ಬೇಡ ಎಂದುಕೊಂಡಿದ್ದೆ. ಬರೆಯದಿದ್ದರೆ ಇನ್ನು ಕೆಲವು ತಿಂಗಳಲ್ಲಿ ಅದು ನಡೆದೇ ಇಲ್ಲವೆಂದು ನನ್ನನ್ನು ನಾನೇ ನಂಬಿಸಿಕೊಳ್ಳಬಲ್ಲೆ. ಆ ವಿದ್ಯೆ ನನಗೆ ಚೆನ್ನಾಗಿ ಬರುತ್ತದೆ. ಅದು ಗೊತ್ತಿರುವುದರಿಂದಲೇ ಬರೆಯುತ್ತಿದ್ದೇನೆ.

ಅಪ್ಪ ಹೋದದ್ದು ಕಳೆದ ಗುರುವಾರ ಸಂಜೆ ಐದೂಕಾಲಿಗೆ. ತಂಗಿಗೆ ಫೋನಿನಲ್ಲಿ ಹೇಳಿದೆ: "ಏನೂ ಮಾತಾಡಲಿಲ್ಲ ಕಣೇ, ನಿದ್ದೆಯಲ್ಲೇ ಹೋದ್ರು." ಅತ್ತೆಗೂ ಅದನ್ನೇ ಹೇಳಿದೆ, ಡಾಕ್ಟರಿಗೂ ಅದನ್ನೇ. ಮೂರನೆಯ ಸಲ ಹೇಳುವಾಗ ನನ್ನ ಕಿವಿಗೇ ಅದು ನಿಜದ ಹಾಗೆ ಕೇಳಿಸಿತು.

ನಡೆದದ್ದು ಬೇರೆ. ನಾಲ್ಕು ಗಂಟೆಗೆ ಅಪ್ಪ ಕಣ್ಣು ತೆರೆದರು. ನಾನು ಮಂಚದ ಪಕ್ಕದಲ್ಲಿ ಕೂತು ಅವರ ಕಾಲುಚೀಲಗಳನ್ನು ಜೋಡಿ ಮಾಡಿ ಮಡಿಸುತ್ತಿದ್ದೆ. ಅವರು ನನ್ನನ್ನು ದಾಟಿ ಬಾಗಿಲಿನ ಕಡೆ ನೋಡಿ "ಗುಲಗಂಜಿ" ಎಂದು ಕರೆದರು.

ಗುಲಗಂಜಿ ಎಂದರೆ ತಂಗಿ. ಹುಟ್ಟಿದಾಗ ಅಂಗೈಯಷ್ಟೇ ಇದ್ದಳಂತೆ. ಅಪ್ಪ ತಕ್ಕಡಿ ರಿಪೇರಿಯವರು. ಹಿಂದೆಲ್ಲ ಚಿನ್ನ ತೂಗಲು ಬಳಸುತ್ತಿದ್ದ ಆ ಕೆಂಪು ಬೀಜದ ಹೆಸರು ಅವರ ಬಾಯಿಗೆ ತಾನಾಗಿ ಬಂದಿತ್ತು. ನನಗೆ ಅಂಥ ಹೆಸರೇನೂ ಇಲ್ಲ. ನಾನು ದೊಡ್ಡವಳು. "ದೊಡ್ಡವಳನ್ನ ಕೇಳು", "ದೊಡ್ಡವಳು ನೋಡಿಕೊಳ್ತಾಳೆ". ಅದು ಹೆಸರಲ್ಲ, ಹುದ್ದೆ.

"ಅವಳಿಲ್ಲ ಅಪ್ಪ, ನಾನು" ಎನ್ನಬೇಕಿತ್ತು. ಬಾಯಿಗೆ ಬಂದದ್ದು "ಹೂಂ, ಬಂದೆ" ಎಂದು. ಅದೂ ಅವಳ ಹಾಗೆ, ಕೊನೆಯನ್ನು ಸ್ವಲ್ಪ ಎಳೆದು. ಅಪ್ಪ ಕೈ ಚಾಚಿದರು. ಕೊಟ್ಟೆ.

"ಬಂದ್ಯಾ? ಹಾಗಾದ್ರೆ ಅಂಗಡಿ ಮುಚ್ಚೋಣ" ಎಂದರು.

"ಮುಚ್ಚೋಣ. ನೀನು ಮಲಕೋ" ಎಂದೆ.

ಅಪ್ಪನನ್ನು ನೀನು ಎಂದದ್ದು ಬದುಕಿನಲ್ಲಿ ಅದೇ ಮೊದಲು. ತಂಗಿ ಮಾತು ಕಲಿತಾಗಿನಿಂದ ನೀನು ಎನ್ನುತ್ತಾಳೆ, ನಾನು ನೀವು. ಯಾರೂ ಹೇಳಿಕೊಟ್ಟದ್ದಲ್ಲ. ಅಪ್ಪ ಕಣ್ಣು ಮುಚ್ಚಿದರು, ಮತ್ತೆ ತೆರೆಯಲಿಲ್ಲ.

ನಾವು ಚಿಕ್ಕವರಿದ್ದಾಗ ಸಂಜೆ ಅಂಗಡಿಯ ಬಾಗಿಲಿನ ಹಲಗೆಯನ್ನು 'ತೆರೆದಿದೆ'ಯಿಂದ 'ಮುಚ್ಚಿದೆ'ಗೆ ತಿರುಗಿಸುವುದು ಅವಳ ಕೆಲಸವಾಗಿತ್ತು. ಅವಳು ಆಟ ಮುಗಿಸಿ ಬರುವವರೆಗೆ ಅಪ್ಪ ಅಂಗಡಿ ಮುಚ್ಚುತ್ತಿರಲಿಲ್ಲ. ನಾನು ಅಷ್ಟು ಹೊತ್ತಿಗೆ ಒಳಗೆ ತೂಕದ ಬಟ್ಟುಗಳನ್ನು ಚಿಮಟದಿಂದ ಎತ್ತಿ ಪೆಟ್ಟಿಗೆಗೆ ಜೋಡಿಸಿ ಮುಗಿಸಿರುತ್ತಿದ್ದೆ.

ಅಂದರೆ ಆ ಕೊನೆಯ ಮಾತು ಅವಳದು. ನಾನು ತೆಗೆದುಕೊಂಡೆ. ಕೊಡಬೇಕೆಂದು ಇವತ್ತು ಅನ್ನಿಸುತ್ತಿಲ್ಲ.

ಮಾರ್ಚ್ 5, ಬುಧವಾರ

ಚಿತಾಗಾರದಿಂದ ಅಪ್ಪನನ್ನು ತಂದೆ. ಬೂದು ಬಣ್ಣದ ರಟ್ಟಿನ ಪೆಟ್ಟಿಗೆ, ಮೇಲೊಂದು ಚೀಟಿ, ಒಳಗೆ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಬೂದಿ. ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಬಸ್ ಕಚೇರಿಯಲ್ಲಿ ಕೂತು ಆ ಮಾರ್ಗದ ವೇಳಾಪಟ್ಟಿ ಮಾಡಿದವಳು ನಾನೇ. ಎರಡು ನಿಮಿಷ ತಡವಾಗಿ ಓಡುತ್ತಿತ್ತು.

ಮನೆಗೆ ಬಂದವಳು ನೇರ ಕೆಳಗಿನ ಅಂಗಡಿಗೆ ಹೋದೆ. ಅಪ್ಪನ ಕೈ ನಡುಗಲು ಶುರುವಾದ ಮೇಲೆ ನಾಲ್ಕು ವರ್ಷದಿಂದ ಅಂಗಡಿ ಮುಚ್ಚಿದೆ, ಆದರೆ ಅವರ ಹಿತ್ತಾಳೆಯ ತಕ್ಕಡಿ ಮೇಜಿನ ಮೇಲೆ ಬಟ್ಟೆ ಹೊದ್ದುಕೊಂಡು ಹಾಗೇ ನಿಂತಿದೆ. ಬಟ್ಟೆ ತೆಗೆದು ಪೆಟ್ಟಿಗೆಯನ್ನು ತೂಗಿದೆ. ಆಮೇಲೆ ಅಂಥದೇ ಖಾಲಿ ರಟ್ಟು, ಚೀಲ ತೂಗಿ ಅಷ್ಟನ್ನು ಕಳೆದೆ. ಎರಡು ಕಿಲೋ ಮುನ್ನೂರ ನಲವತ್ತು ಗ್ರಾಂ.

ಏಕೆ ತೂಗಿದೆ? ಈ ಮನೆಯಲ್ಲಿ ಹೊರಗಿನಿಂದ ಬಂದ ಯಾವುದನ್ನೂ ತೂಗದೆ ಒಳಗಿಟ್ಟದ್ದಿಲ್ಲ. ಅತ್ತೆ, ಅಪ್ಪನ ತಂಗಿ, ಎರಡು ಬೀದಿ ಆಚೆ ಇರುವವರು, ಅದೇ ಹೊತ್ತಿಗೆ ಬಂದು ಬಾಗಿಲಲ್ಲೇ ನಿಂತರು.

"ನಿಮ್ಮಪ್ಪನ್ನೂ ತೂಗಿಬಿಟ್ಯಾ? ಅವನಿದ್ದಿದ್ರೆ ಮುಳ್ಳು ಸರಿಯಾಗಿ ನಿಂತಿಲ್ಲ, ಇನ್ನೊಂದ್ಸಲ ತೂಗು ಅಂತಿದ್ದ."

ಇಬ್ಬರೂ ನಕ್ಕೆವು. ಆಮೇಲೆ ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಧೂಳು ಹೆಚ್ಚಾಗಿದೆ ಎಂದು ನನ್ನನ್ನು ಬೈದರು.

ಈ ತಕ್ಕಡಿಯಲ್ಲೇ ನಮ್ಮಿಬ್ಬರ ಬಾಲ್ಯ ಪಾಲಾದದ್ದು. ಒಂದು ಸೇಬು ಬಂದರೂ ಅಪ್ಪ ಕತ್ತಿ ನನ್ನ ಕೈಗೆ ಕೊಡುತ್ತಿದ್ದರು. ನಾನು ಎರಡು ಮಾಡಿ ಎರಡು ತಟ್ಟೆಗೆ ಹಾಕಬೇಕು, ಮುಳ್ಳು ನಡುವೆ ನಿಲ್ಲುವವರೆಗೆ ಚೂರು ಚೂರು ಕೊಯ್ದು ಸರಿ ಮಾಡಬೇಕು. ಆಮೇಲೆ ಆರಿಸುವುದು ತಂಗಿ. ಪಾಲು ಮಾಡಿದವಳು ಆರಿಸುವ ಹಾಗಿಲ್ಲ, ಅದು ಕಾನೂನು. ತಂಗಿ ಯಾವಾಗಲೂ ಎಡ ತಟ್ಟೆಯನ್ನೇ ಆರಿಸುತ್ತಿದ್ದಳು. ಒಂದು ದಿನವೂ ಬಲ ತಟ್ಟೆ ಮುಟ್ಟಿದವಳಲ್ಲ. ಎಡ ತಟ್ಟೆಯಲ್ಲಿ ಗೊತ್ತಾಗದ ಹಾಗೆ ಒಂದಿಷ್ಟು ಹೆಚ್ಚು ಬರುತ್ತದೆ, ಅಪ್ಪನೇ ಅವಳಿಗೆ ಅದನ್ನು ಹೇಳಿಟ್ಟಿದ್ದಾರೆ ಎಂದು ಎಂಟನೆಯ ವಯಸ್ಸಿನಲ್ಲೇ ನನಗೆ ಖಾತರಿಯಾಗಿತ್ತು. ತಕ್ಕಡಿ ನೆಟ್ಟಗಿದೆಯೇ ಎಂದು ನೋಡಲು ಎರಡು ತಟ್ಟೆಯ ಸಾಮಾನನ್ನು ಅದಲುಬದಲು ಮಾಡಿ ನೋಡಬೇಕು. ಆಗಲೂ ಮುಳ್ಳು ನಡುವೆ ನಿಂತರೆ ಸರಿ, ಇಲ್ಲದಿದ್ದರೆ ಒಂದು ಕಡೆ ಮೋಸ. ಅಂಗಡಿಗೆ ಬಂದ ಎಲ್ಲ ತಕ್ಕಡಿಗೂ ಅಪ್ಪ ಹಾಗೆ ಮಾಡುತ್ತಿದ್ದರು. ನಮ್ಮ ಸೇಬಿಗೆ ಮಾತ್ರ ಯಾವತ್ತೂ ಮಾಡಲಿಲ್ಲ.

ನಲವತ್ತಾರು ವರ್ಷದವಳು ಸೇಬಿನ ಬಗ್ಗೆ ಬರೆಯುತ್ತಿದ್ದೇನೆ. ನಾಚಿಕೆಯಾಗಬೇಕು. ಆಗುತ್ತಿದೆ, ಆದರೆ ಸಾಕಾಗುವಷ್ಟು ಆಗುತ್ತಿಲ್ಲ.

ಮಾರ್ಚ್ 6, ಗುರುವಾರ

ತಂಗಿ ಫೋನು ಮಾಡಿದ್ದಳು. ಅವಳು ನಾಟಕ ಮಂದಿರವೊಂದರಲ್ಲಿ ರಂಗದ ಮೇಲೆ ದೀಪ ಕಟ್ಟುವವಳು. ಫೆಬ್ರವರಿ ಮೊದಲಲ್ಲಿ ಏಣಿಯಿಂದ ಬಿದ್ದು ಕಾಲು ಎರಡು ಕಡೆ ಮುರಿದುಕೊಂಡಿದ್ದಾಳೆ. ತೊಡೆಯವರೆಗೆ ಪ್ಲಾಸ್ಟರು, ಏಪ್ರಿಲ್ ಮುಗಿಯುವವರೆಗೆ ಪ್ರಯಾಣವಿಲ್ಲ. ಅಪ್ಪನ ಅಂತ್ಯಕ್ರಿಯೆಯನ್ನು ಅವಳು ನೋಡಿದ್ದು ಅತ್ತೆ ಹಿಡಿದಿದ್ದ ಫೋನಿನಲ್ಲಿ, ಅರ್ಧ ಹೊತ್ತು ಅತ್ತೆಯ ಹೆಬ್ಬೆರಳು.

ಅರ್ಧ ಕಳಿಸಿಕೊಡುತ್ತೀಯಾ ಎಂದು ಕೇಳಿದಳು. ತುಂಬ ಮೆಲ್ಲಗೆ ಕೇಳಿದಳು, ಅದು ಅವಳ ರೀತಿಯಲ್ಲ.

ಹಂಚಬಾರದಂತೆ, ಒಂದೇ ಪಾತ್ರೆಯಲ್ಲಿ ಇಡಬೇಕಂತೆ ಎಂದೆ. ಹಾಗೆಂದು ಯಾರೂ ಹೇಳಿಲ್ಲ. ಆದರೆ ಒಂದು 'ಅಂತೆ' ಸೇರಿಸಿದರೆ ಸುಳ್ಳು ನನ್ನೊಬ್ಬಳದೇ ಎನ್ನಿಸುವುದಿಲ್ಲ.

"ಹೌದಾ" ಎಂದಳು. "ಸರಿ ಅಕ್ಕಾ. ಪಾತ್ರೆ ಚೆನ್ನಾಗಿರೋದು ನೋಡು."

ಅವಳ ಪ್ಲಾಸ್ಟರಿನ ಮೇಲೆ ನಾಟಕದವರು ಹದಿನೇಳು ಜನ ಸಹಿ ಮಾಡಿದ್ದಾರಂತೆ. ನನ್ನ ಕಾಲು ಮುರಿದರೆ ಯಾರು ಸಹಿ ಮಾಡುತ್ತಾರೆಂದು ಎಣಿಸಿ ನೋಡಿದೆ. ಅತ್ತೆ.

ಮಾರ್ಚ್ 8, ಶನಿವಾರ

ಅಸ್ಥಿಪಾತ್ರೆಯ ಅಂಗಡಿ ನಾನು ಎಣಿಸಿದ ಹಾಗೆ ಕತ್ತಲಾಗಿರಲಿಲ್ಲ. ಬೀಗದ ಕೈ ಮಾಡುವವನ ಪಕ್ಕದ ಮಳಿಗೆ, ಅವನ ಯಂತ್ರದ ಕಿರ್ ಕಿರ್ ಗೋಡೆ ದಾಟಿ ಕೇಳಿಸುತ್ತದೆ. ಅಂಗಡಿಯಾಕೆ ಐವತ್ತೈದರ ಸುಮಾರಿನವರು, ಕನ್ನಡಕವನ್ನು ದಾರ ಕಟ್ಟಿ ಕೊರಳಿಗೆ ತೂಗಿಸಿಕೊಂಡಿದ್ದರು. ನಾನು ಒಳಗೆ ಹೋದಾಗ ಹಾಕುತ್ತಿದ್ದ ಉಣ್ಣೆಯ ಹೆಣಿಗೆಯನ್ನು ಮುಚ್ಚಿಡಲಿಲ್ಲ, ಅದು ನನಗೆ ಹಿಡಿಸಿತು.

ಪಿಂಗಾಣಿಯವು, ಮರದವು, ನೀರಿಗೆ ಬಿಟ್ಟರೆ ಕರಗಿಹೋಗುವ ಕಾಗದದವು. ಹೂವು ಬಿಡಿಸಿದ ಒಂದು ಪಾತ್ರೆ ಥೇಟ್ ಬಿಸ್ಕತ್ತಿನ ಡಬ್ಬಿಯ ಹಾಗಿತ್ತು. ತಂಗಿಯಾಗಿದ್ದರೆ ಅದನ್ನೇ ಆರಿಸಿ, ಅಪ್ಪ ಬಿಸ್ಕತ್ತು ಕದಿಯುತ್ತಿದ್ದ ಕತೆ ಹೇಳಿ, ಅಂಗಡಿಯಾಕೆಯನ್ನು ನಗಿಸಿ ಹೋಗುತ್ತಿದ್ದಳು. ನಾನು ಎಲ್ಲವನ್ನೂ ಎತ್ತಿ, ತಿರುಗಿಸಿ, ಇಟ್ಟೆ.

ಕೆಳಗಿನ ಸಾಲಿನಲ್ಲಿ ಅದು ಇತ್ತು. ಹಿತ್ತಾಳೆ. ನೇರ ಗೋಡೆ, ಮೇಲೆ ಸಣ್ಣ ಕುತ್ತಿಗೆ, ಹಿಡಿಯಲು ಗುಂಡಿ. ಅಪ್ಪನ ತೂಕದ ಬಟ್ಟುಗಳದೇ ಆಕಾರ, ದೊಡ್ಡದು ಮಾಡಿದ ಹಾಗೆ. ತಲೆಕೆಳಗು ಮಾಡಿದರೆ ತಳದಲ್ಲಿ ಒತ್ತಿದ ಮುದ್ರೆ: 2.5. ಬಟ್ಟಿನ ತಳದಲ್ಲೂ ಹೀಗೇ ಇರುತ್ತದೆ. ಎರಡೂವರೆ ಕಿಲೋ; ಅಪ್ಪ ಎರಡು ಮುನ್ನೂರ ನಲವತ್ತು. ಹೇಳಿ ಮಾಡಿಸಿದ ಹಾಗೆ ಎನಿಸಿ ಎದೆ ತುಂಬಿತು.

ಅಂಗಡಿಯಾಕೆ ತೀರಿಕೊಂಡವರ ಮೈತೂಕ ಎಷ್ಟಿತ್ತು ಎಂದು ಕೇಳಿದರು. ಬೂದಿಯನ್ನೇ ತೂಗಿದ್ದೇನೆ ಎಂದೆ. ಅವರು ಕನ್ನಡಕ ಏರಿಸಿ ನನ್ನನ್ನು ನೋಡಿ ಏನೋ ಹೇಳಲು ಹೊರಟರು. ನಾನು ತಕ್ಕಡಿಯ ಮನೆಯವಳು, ತೂಕದ ವಿಷಯದಲ್ಲಿ ಯೋಚನೆ ಬೇಡ ಎಂದು ನಯವಾಗಿಯೇ ಹೇಳಿದೆ. ನಯ ಕೆಲವೊಮ್ಮೆ ಬಾಗಿಲು ಹಾಕಿದ ಹಾಗಿರುತ್ತದೆ. ಅವರು ಕನ್ನಡಕ ಇಳಿಸಿದರು.

"ಒಂದೇ ಸಾಕಾ? ಮಕ್ಕಳು ಎಷ್ಟು ಜನ ನೀವು?" ಎಂದು ಆಮೇಲೆ ಕೇಳಿದರು.

"ನಾನೊಬ್ಬಳೇ."

ಎಷ್ಟು ಸಲೀಸಾಗಿ ಬಂತು. ದಾರಿಯುದ್ದಕ್ಕೂ ಆ ಮಾತು ಬಾಯಲ್ಲಿ ಪೆಪ್ಪರಮಿಂಟಿನ ಹಾಗೆ ಇತ್ತು.

ಮಾರ್ಚ್ 9, ಭಾನುವಾರ

ಹಿಡಿಸಲಿಲ್ಲ. ಪಾತ್ರೆ ಕಂಠದವರೆಗೆ ತುಂಬಿತು, ಚೀಲದಲ್ಲಿ ಇನ್ನೂ ಉಳಿದಿದೆ.

2.5 ಎಂದರೆ ಲೀಟರು. ಲೋಕದಲ್ಲಿ ಎಲ್ಲರಿಗೂ ಪಾತ್ರೆ ಎಂದರೆ ಲೀಟರು. ನಮ್ಮ ಮನೆಯವರಿಗೆ ಮಾತ್ರ ಎಲ್ಲ ಅಂಕಿಯೂ ಕಿಲೋ.

ಮಾರ್ಚ್ 10, ಸೋಮವಾರ

ಉಳಿದದ್ದು ಮುನ್ನೂರ ಹತ್ತು ಗ್ರಾಂ. ಅಪ್ಪ ಚಹಾ ಕುಡಿಯುತ್ತಿದ್ದ ಹಿಡಿ ಮುರಿದ ಮಗ್ಗಿಗೆ ಹಾಕಿ ಮೇಲೆ ತಟ್ಟೆ ಮುಚ್ಚಿ ಅಡುಗೆಮನೆಯ ಕಿಟಕಿಯಲ್ಲಿ ಇಟ್ಟಿದ್ದೇನೆ.

ಕಚೇರಿಯಲ್ಲಿ ಹನ್ನೆರಡನೆಯ ಮಾರ್ಗದ ಬೇಸಿಗೆ ವೇಳಾಪಟ್ಟಿ ಮಾಡುತ್ತಿದ್ದವಳು ಹಾಳೆಯ ಅಂಚಿನಲ್ಲಿ ಬೇರೊಂದು ಭಾಗಾಕಾರ ಮಾಡಿದೆ. ಅಪ್ಪನ ಸೊಂಟ ಮುರಿದಾಗ ನಾನು ನನ್ನ ಬಾಡಿಗೆ ಮನೆ ಬಿಟ್ಟು ಇಲ್ಲಿಗೆ ಬಂದು ಒಂಬತ್ತು ವರ್ಷ: ಮೂರು ಸಾವಿರದ ಇನ್ನೂರ ಎಂಬತ್ತೈದು ದಿನ. ತಂಗಿ ಬಂದದ್ದು ವರ್ಷಕ್ಕೆ ಹತ್ತು ದಿನ: ತೊಂಬತ್ತು. ಆ ಪ್ರಮಾಣದಲ್ಲಿ ಪಾಲು ಮಾಡಿದರೆ ಅವಳಿಗೆ ಬರಬೇಕಾದದ್ದು ಅರವತ್ತನಾಲ್ಕು ಗ್ರಾಂ. ಮುನ್ನೂರ ಹತ್ತು ಕಳಿಸಿದರೆ ಅದು ಔದಾರ್ಯ.

ಆ ಹಾಳೆಯನ್ನು ಹರಿದೆ. ಆದರೆ ಅಂಕಿ ನೆನಪಿದೆ, ಇಲ್ಲಿ ಬರೆದೂ ಆಯಿತು.

ಶಾಲೆಯಲ್ಲಿ ಕಲಿತ ಇಂಗ್ಲಿಷಿನಲ್ಲಿ ಇದಕ್ಕೆ ಎರಡು ಮೂರು ಸಭ್ಯ ಶಬ್ದಗಳಿವೆ, ಒಂದರಿಂದ ಇನ್ನೊಂದಕ್ಕೆ ಏನು ವ್ಯತ್ಯಾಸ ಎಂದು ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಗಳಿಸಿದ್ದೇನೆ. ಮನೆಯ ಮಾತಿನಲ್ಲಿ ಹೊಟ್ಟೆಕಿಚ್ಚು ಎನ್ನುತ್ತೇವೆ, ಅಷ್ಟೇ. ಅದು ಹೊಟ್ಟೆಯಲ್ಲಿಯೇ ಇರುತ್ತದೆ ಎಂಬುದೂ ಸರಿ. ಎರಡು ದಿನದಿಂದ ಊಟ ಸೇರುತ್ತಿಲ್ಲ.

ಅವಳು ಬರುವ ಹಿಂದಿನ ದಿನ ಅಪ್ಪ ಮಾಡುತ್ತಿದ್ದ ಸಂಭ್ರಮ ನೆನಪಾಗುತ್ತದೆ. ತಾವೇ ಕೇಳಿ ಗಡ್ಡ ಹೆರೆಸಿಕೊಳ್ಳುವುದು. ನೀಲಿ ಗೀರಿನ ಒಳ್ಳೆಯ ಅಂಗಿ ಎಲ್ಲಿ ಎನ್ನುವುದು. ಆ ಹತ್ತು ದಿನ ಔಷಧಿ ಕಹಿ ಎಂದು ಒಮ್ಮೆಯೂ ಉಗುಳದಿರುವುದು. ಅವಳು ಬಸ್ಸು ಹತ್ತಿದ ಮೇಲೆ ಅಂಗಿ ಕಳಚಿ ನನ್ನ ಕೈಗೆ ಕೊಟ್ಟು, ಹಳೆಯ ಬನಿಯನ್ನಿನಲ್ಲಿ ಗೋಡೆಯ ಕಡೆ ತಿರುಗಿ ಮಲಗುವುದು. ಬಯ್ಯಲು ನಾನು, ಬೀಳ್ಕೊಡಲು ಅವಳು.

ಮಾರ್ಚ್ 13, ಗುರುವಾರ

ಫೋನು. ಒಂದು ಗಂಟೆ ಇಪ್ಪತ್ತು ನಿಮಿಷ.

ಪಾತ್ರೆಯ ಬಗ್ಗೆ ಕೇಳಿದಳು. ಹಿತ್ತಾಳೆಯದು, ಬಟ್ಟಿನ ಹಾಗಿದೆ ಎಂದೆ. "ನಾನಾಗಿದ್ರೆ ಯಾವುದೋ ಹೂವಿಂದು ತಂದಿರ್ತಿದ್ದೆ ಅಕ್ಕಾ" ಎಂದಳು. ನನಗೆ ಖುಷಿಯಾಯಿತು. ಅಳೆದು ನೋಡಿದರೆ ಬಹಳ ಖುಷಿ.

ಆಮೇಲೆ ವಿಚಿತ್ರ ಪ್ರಶ್ನೆಗಳನ್ನು ಕೇಳತೊಡಗಿದಳು. ಅಪ್ಪ ಬೆಳಿಗ್ಗೆ ಯಾವ ಮಗ್ಗುಲಿಗೆ ಏಳುತ್ತಿದ್ದರು. ಸಿಟ್ಟು ಬಂದರೆ ಏನು ಎಸೆಯುತ್ತಿದ್ದರು. ಕೆಮ್ಮು ಒಣಗಿತ್ತೋ, ಕಫವಿತ್ತೋ. ಕಾಲುಚೀಲ ಹಾಕುವಾಗ ಬೈಯುತ್ತಿದ್ದರೋ. ನಾಟಕದವರ ಜೊತೆ ಇದ್ದು ಇದ್ದು ಇವಳಿಗೆ ಎಲ್ಲವೂ ದೃಶ್ಯವಾಗಿ ಬೇಕು ಎಂದು ಮನಸ್ಸಿನಲ್ಲಿ ಅಂದುಕೊಂಡೆ. ಇದೆಲ್ಲ ಏಕೆ ಎಂದು ಸ್ವಲ್ಪ ಚುಚ್ಚಿಯೇ ಕೇಳಿದೆ.

"ನಿನಗೆ ಸಿಟ್ಟಿನ ಅಪ್ಪ, ಕೆಮ್ಮೋ ಅಪ್ಪ, ಎಲ್ಲಾ ಸಿಕ್ಕಿದ್ದಾನೆ. ನನಗೆ ಬರೀ ಒಳ್ಳೆ ಅಂಗಿ ಹಾಕ್ಕೊಂಡ ಅಪ್ಪ. ಒಂಬತ್ತು ವರ್ಷ ನಾನು ನೆಂಟರ ಮನೆಗೆ ಬಂದು ಹೋದ ಹಾಗೆ."

ಮಾತು ಚೆನ್ನಾಗಿ ಜೋಡಿಸುತ್ತಾಳೆ, ಮೊದಲಿನಿಂದಲೂ. ಕೆಮ್ಮು ಒಣಕೆಮ್ಮು ಎಂದೆ. ಸಿಟ್ಟು ಬಂದರೆ ಎಸೆಯುತ್ತಿದ್ದದ್ದು ಕನ್ನಡಕದ ಡಬ್ಬಿ. ಕನ್ನಡಕ ಮೊದಲೇ ತೆಗೆದಿಟ್ಟುಕೊಂಡು, ಖಾಲಿ ಡಬ್ಬಿ ಮಾತ್ರ. ಅವಳು ನಗುತ್ತ ನಗುತ್ತ ಮೂಗೆಳೆದುಕೊಂಡಳು. ಇನ್ನೊಂದು ಹೇಳು ಎಂದಳು. ಹೇಳಿದೆ. ಹಾಗೇ ಗಂಟೆ ಆಯಿತು.

ಕೊನೆಗೆ ಕೇಳಿದಳು: ನಿಜವಾಗಲೂ ಏನೂ ಮಾತಾಡಲಿಲ್ಲವಾ ಎಂದು. ಇಲ್ಲ ಎಂದೆ. ಇದು ನಾಲ್ಕನೆಯ ಸಲ.

ಮಾರ್ಚ್ 15, ಶನಿವಾರ

ಅತ್ತೆ ಬಂದಿದ್ದರು. ಕಿಟಕಿಯಲ್ಲಿದ್ದ ಮಗ್ಗಿನ ತಟ್ಟೆ ಎತ್ತಿ ನೋಡಿ, ಇದೇನು ಸೌದೆ ಒಲೆಯೇ ಇಲ್ಲದ ಮನೆಯಲ್ಲಿ ಬೂದಿ ಎಂದರು. ಏನೆಂದು ಹೇಳಿದೆ. ಅವರು ತಟ್ಟೆಯನ್ನು ಎಷ್ಟು ಮೆಲ್ಲಗೆ ಮತ್ತೆ ಮುಚ್ಚಿದರೆಂದರೆ, ಮಲಗಿದ ಮಗುವಿಗೆ ಹೊದಿಸಿದ ಹಾಗೆ.

ಪಾತ್ರೆ ಚಿಕ್ಕದಾದ ಕತೆ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು. ನಿಮ್ಮಪ್ಪನೂ ಮದುವೆಗೆ ಕಿಲೋ ಲೆಕ್ಕದಲ್ಲಿ ಬಟ್ಟೆ ಕೇಳಿದ್ದ ಎಂದರು. ಇದು ನಿಜವಿರಲಿಕ್ಕಿಲ್ಲ.

ಹೋಗುವಾಗ ಬಾಗಿಲಲ್ಲಿ ಚಪ್ಪಲಿ ಹುಡುಕುತ್ತ, "ಗುಲಗಂಜೀ, ನನ್ನ ಕೋಲು ಕೊಡೇ" ಎಂದರು. ನಾನು ಕೋಲು ಹಿಡಿದು ಹಾಗೇ ನಿಂತೆ.

"ನೋಡು, ಇಲ್ಲದೋಳ ಹೆಸರೇ ಬಾಯಿಗೆ ಬರತ್ತೆ" ಎಂದರು ಅತ್ತೆ. "ಪಕ್ಕದಲ್ಲೇ ಇರೋಳನ್ನ ಕೂಗೋದೇನಿದೆ, ಕೈ ಚಾಚಿದ್ರೆ ಸಿಕ್ತೀಯ."

ಕೋಲು ತೆಗೆದುಕೊಂಡು ಹೋದರು. ಬಾಗಿಲು ಹಾಕಲು ಮರೆತು ಬಹಳ ಹೊತ್ತು ಅಲ್ಲೇ ನಿಂತಿದ್ದೆ. ಬೀದಿಯಲ್ಲಿ ನನ್ನ ಹನ್ನೆರಡನೆಯ ಮಾರ್ಗದ ಬಸ್ಸು ಎರಡು ಸಲ ಹೋಯಿತು.

ಮಾರ್ಚ್ 18, ಮಂಗಳವಾರ

ಅಪ್ಪನ ಬೀರು ಖಾಲಿ ಮಾಡಿದೆ. ಮೊಣಕೈ ಸವೆದ ಅಂಗಿ ಹನ್ನೊಂದು. ಬನಿಯನ್ನು ಲೆಕ್ಕವಿಲ್ಲ. ನೀಲಿ ಗೀರಿನ ಒಳ್ಳೆಯ ಅಂಗಿ ಒಂದು. ಕಾಲರು ಇನ್ನೂ ಗಟ್ಟಿ, ತೊಂಬತ್ತು ದಿನದ ಅಂಗಿ.

ಹನ್ನೊಂದರ ವಾಸನೆ ನನಗೆ ಕಣ್ಣು ಮುಚ್ಚಿದರೂ ಬೇರೆ ಬೇರೆ ಗೊತ್ತು. ಒಳ್ಳೆಯ ಅಂಗಿಯಲ್ಲಿ ಇಸ್ತ್ರಿಯ ವಾಸನೆ ಬಿಟ್ಟರೆ ಏನೂ ಇಲ್ಲ.

ಮಾರ್ಚ್ 20, ಗುರುವಾರ

ಕಚೇರಿಯಿಂದ ಒಂದು ಗಂಟೆ ಮೊದಲೇ ಹೊರಟು ಅಸ್ಥಿಪಾತ್ರೆಯ ಅಂಗಡಿಗೆ ಹೋದೆ. ಹೆಣಿಗೆ ಒಂದು ಗೇಣು ಬೆಳೆದಿತ್ತು. ದೊಡ್ಡದಕ್ಕೆ ಬದಲಾಯಿಸಲು ಬಂದಿರಾ ಎಂದು ಅಂಗಡಿಯಾಕೆ ತಾವೇ ಕೇಳಿದರು. ಅವತ್ತೇ ಗೊತ್ತಿತ್ತಂತೆ, ಹಿಡಿಸುವುದಿಲ್ಲವೆಂದು. ಮತ್ತೆ ಹೇಳಲಿಲ್ಲವೇಕೆ ಎಂದರೆ, ನೀವು ಬಿಡಲಿಲ್ಲವಲ್ಲ ಎಂದರು. ಒಮ್ಮೆ ತುಂಬಿದ ಪಾತ್ರೆಯನ್ನು ವಾಪಸು ತೆಗೆದುಕೊಳ್ಳುವ ಹಾಗಿಲ್ಲ ಎಂದೂ ಹೇಳಿದರು, ತೊಳೆದಿದ್ದರೂ.

ಬದಲಾಯಿಸಲು ಬಂದಿಲ್ಲ, ಅಂಥದೇ ಇನ್ನೊಂದು ಬೇಕು ಎಂದೆ.

ಉಳಿದದ್ದು ಸ್ವಲ್ಪವೇ ಆದರೆ ಚಿಕ್ಕದು ಸಾಕು ಎಂದು ಅವರು ಅಂಗೈಯಲ್ಲಿ ಹಿಡಿಯುವಂಥದನ್ನು ತೋರಿಸಿದರು. ಮುನ್ನೂರ ಹತ್ತು ಗ್ರಾಮಿಗೆ ಸರಿಯಾಗಿರುತ್ತಿತ್ತು. ಮುದ್ದಾಗಿತ್ತು ಕೂಡ. ಕೈಯಲ್ಲಿ ಹಿಡಿದು ನಿಂತೆ, ಎಷ್ಟು ಹೊತ್ತೆಂದು ಗೊತ್ತಿಲ್ಲ. ಪಕ್ಕದವನ ಯಂತ್ರ ಎರಡು ಬೀಗದ ಕೈ ಮಾಡಿ ಮುಗಿಸಿತು.

"ಬೇಡ. ಅಂಥದೇ. ಅಷ್ಟೇ ದೊಡ್ಡದು."

"ಎರಡರಲ್ಲೂ ಅರ್ಧ ಖಾಲಿ ಉಳಿಯತ್ತಲ್ಲ ಮೇಡಂ?"

"ಉಳೀಲಿ. ನನಗೊಬ್ಬಳು ತಂಗಿ ಇದ್ದಾಳೆ."

ಅಂಗಡಿಯಾಕೆ ಅವತ್ತಿನ ಮಾತನ್ನು ನೆನಪಿಸಲಿಲ್ಲ. ಒಳಗಿನಿಂದ ಪಾತ್ರೆ ತಂದು, ತಳ ತಿರುಗಿಸಿ, ಇದು ಲೀಟರು ಎಂದು ಬೆರಳಿಟ್ಟು ತೋರಿಸಿದರು. ಇಬ್ಬರಿಗೂ ಸ್ವಲ್ಪ ನಗು ಬಂತು. ದೂರಕ್ಕೆ ಕಳಿಸುವುದಾದರೆ ಮುಚ್ಚಳದ ಸುತ್ತ ಮೇಣ ಸುತ್ತಿ, ಅಂಚೆಯವರಿಗೆ ಏನಿದೆಯೆಂದು ಬಾಯಿಬಿಟ್ಟು ಹೇಳಿ ಎಂದರು. ಎಷ್ಟೋ ಜನ ಹೇಳದೆ ಕಳಿಸುತ್ತಾರಂತೆ.

ಮಾರ್ಚ್ 22, ಶನಿವಾರ

ಬೆಳಿಗ್ಗೆ ಹತ್ತಕ್ಕೆ ಅಂಗಡಿಯ ಕಿಟಕಿ ತೆರೆದೆ. ಬೆಳಕು ಸರಿಯಾಗಿ ತಕ್ಕಡಿಯ ಮೇಲೆ ಬೀಳುವ ಹೊತ್ತು. ಅಪ್ಪ ಸೂಕ್ಷ್ಮದ ಕೆಲಸಗಳನ್ನು ಆಗಲೇ ಮಾಡುತ್ತಿದ್ದರು. ತಟ್ಟೆಗಳನ್ನು ಒರೆಸಿದೆ. ಬೆರಳು ತಾಗಿಸಲಿಲ್ಲ, ಬೆರಳಿನ ಜಿಡ್ಡಿಗೂ ತೂಕವಿದೆ ಎನ್ನುತ್ತಿದ್ದರು.

ಪಾತ್ರೆಯಲ್ಲಿದ್ದದ್ದು, ಮಗ್ಗಿನಲ್ಲಿದ್ದದ್ದು ಎಲ್ಲ ಒಂದುಮಾಡಿ, ಎರಡು ತಟ್ಟೆಯಲ್ಲಿ ಎರಡು ಕಾಗದ ಹಾಸಿ, ಚಮಚದಿಂದ ಹಾಕುತ್ತ ಹೋದೆ. ಕೊನೆಗೆ ಚಮಚ ಬಿಟ್ಟು ಕಾಗದದ ಮೂಲೆಯಿಂದ, ಆಮೇಲೆ ಚಿಮಟದಿಂದ ಒಂದೊಂದೇ ಚೂರು. ಮುಳ್ಳು ನಡುವೆ ನಿಂತಿತು. ಸಾವಿರದ ನೂರ ಎಪ್ಪತ್ತು, ಸಾವಿರದ ನೂರ ಎಪ್ಪತ್ತು.

ಆಗ ಕೈ ತಾನಾಗಿ ಮಾಡಿತು. ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಇಟ್ಟೆ. ದಂಡ ಸ್ವಲ್ಪ ತೂಗಾಡಿತು. ಮುಳ್ಳು ಅತ್ತ ಹೋಯಿತು, ಇತ್ತ ಬಂತು. ನಿಂತಾಗ ನ್ಯಾಯವಾಗಿ ನಡುವೆಯೇ ನಿಂತಿತು. ಇನ್ನೊಮ್ಮೆ ಅದಲುಬದಲು ಮಾಡಿದೆ. ಅಲ್ಲೇ.

ಮೂವತ್ತೆಂಟು ವರ್ಷ ಬೇಕಾಯಿತು ಅಷ್ಟು ನೋಡಲು. ಯಾವತ್ತು ಬೇಕಾದರೂ ನೋಡಬಹುದಿತ್ತು.

ತಂಗಿಗೆ ಫೋನು ಮಾಡಿದೆ. ಹಂಚಬಾರದೆಂದು ಯಾರೂ ಹೇಳಿರಲಿಲ್ಲ, ನಾನೇ ಹೇಳಿದ್ದು ಎಂದೆ. "ಈಗ ಎರಡು ತಟ್ಟೆಯಲ್ಲೂ ಇದೆ. ಆರಿಸೋಳು ನೀನು" ಎಂದೆ.

"ಎಡ" ಎಂದಳು. ಒಂದು ಕ್ಷಣವೂ ಯೋಚಿಸಲಿಲ್ಲ.

ಯಾವಾಗಲೂ ಎಡವೇ ಏಕೆ ಎಂದು ಕೇಳಿಯೇಬಿಟ್ಟೆ. ಧ್ವನಿ ಸಹಜವಾಗಿಯೇ ಇತ್ತೆಂದುಕೊಂಡಿದ್ದೇನೆ.

"ಎಡಗಡೆ ಬಾಗಿಲಿಗೆ ಹತ್ತಿರ ಅಲ್ವೇನೇ? ತಗೊಂಡು ಓಡೋಕೆ ಸುಲಭ. ನೀನು ಮತ್ತೆ ತೂಗೋಣ ಅಂತ ಶುರು ಮಾಡೋ ಮೊದಲು."

ಎಷ್ಟು ನಕ್ಕೆನೆಂದರೆ ತಟ್ಟೆಯ ಹತ್ತಿರದಿಂದ ಮುಖ ತಿರುಗಿಸಬೇಕಾಯಿತು, ಉಸಿರಿಗೆ ಹಾರಬಾರದೆಂದು. ಅವಳೂ ನಕ್ಕಳು, ಆಮೇಲೆ ಕಾಲು ನೋಯುತ್ತದೆ ನಗಿಸಬೇಡ ಎಂದಳು. ಆ ಹೊತ್ತಿಗೆ ಹೇಳಿಬಿಡಬೇಕೆಂದು ಬಾಯಿ ತೆರೆದೆ. ಅಪ್ಪ ಕರೆದದ್ದು ನಿನ್ನನ್ನು, ಓಗೊಟ್ಟದ್ದು ನಾನು, ಎಂದು. ಆಗಲಿಲ್ಲ. ನಾಲ್ಕು ಸಲ ಹೇಳಿದ ಸುಳ್ಳಿಗೆ ಗಂಟಲಲ್ಲಿ ಜಾಗ ಆಗಿಹೋಗಿದೆ, ಇನ್ನೊಂದು ಮಾತು ದಾಟುವುದಿಲ್ಲ. ಮಳೆಯಂತೆ, ಬಟ್ಟೆ ಒಣಹಾಕಿದ್ದೇನೆ ಎಂದು ಫೋನು ಇಟ್ಟೆ. ಬಿಸಿಲು ಹೊಡೆಯುತ್ತಿತ್ತು.

ಮಾರ್ಚ್ 23, ಭಾನುವಾರ

ಎಡದ ತಟ್ಟೆಯದನ್ನು ಹೊಸ ಪಾತ್ರೆಗೆ ಹಾಕಿ, ಮುಚ್ಚಳಕ್ಕೆ ಮೇಣ ಸುತ್ತಿದೆ. ಅಲ್ಲಾಡಿಸಿದರೆ ಒಳಗೆ ಸರಿದಾಡುವ ಸದ್ದು ಕೇಳಿಸುತ್ತದೆ. ಸುತ್ತಲೂ ಮೆತ್ತಗೆ ಏನಾದರೂ ಬೇಕಿತ್ತು. ಮೊದಲು ಆ ಒಳ್ಳೆಯ ಅಂಗಿ ತೆಗೆದೆ, ಆಮೇಲೆ ಅದನ್ನು ಮಡಿಸಿ ನನ್ನ ಬೀರುವಿನಲ್ಲಿಟ್ಟೆ. ಮೊಣಕೈ ಸವೆದವುಗಳಲ್ಲಿ ಎಲ್ಲಕ್ಕಿಂತ ಹಳೆಯದನ್ನು, ಒಗೆಯದೆ ಉಳಿದದ್ದನ್ನು, ಪಾತ್ರೆಗೆ ಸುತ್ತಿದೆ. ಕೆಮ್ಮಿನ ಮುಲಾಮು, ಹಿತ್ತಾಳೆ ಪಾಲಿಶು, ಚಹಾ. ಪೆಟ್ಟಿಗೆ ತೆರೆದ ಕೂಡಲೇ ಅವಳಿಗೆ ಗೊತ್ತಾಗುತ್ತದೆ.

ಒಂದು ಕಾಗದ ಬರೆಯಲು ಕೂತೆ. ಮೂರು ಹಾಳೆ ಹಾಳಾಯಿತು. ಮೊದಲನೆಯದರಲ್ಲಿ ಅಪ್ಪನಿಗೆ ನೆಮ್ಮದಿಯಾಗಲೆಂದು ಓಗೊಟ್ಟೆ ಎಂದು ಬರೆದಿದ್ದೆ. ಅದಾಗಿರಲಿಲ್ಲ. ಎರಡನೆಯದರಲ್ಲಿ ಕ್ಷಮೆ ಎಂಬ ಶಬ್ದ ಐದು ಸಲ ಬಂದಿತ್ತು. ಮೂರನೆಯದು ಕಚೇರಿಯ ಪತ್ರದ ಹಾಗಿತ್ತು.

ಆಮೇಲೆ ಈ ಪುಸ್ತಕದ ಮೊದಲ ಪುಟ ತಿರುಗಿಸಿ ಓದಿದೆ. ಅದರಲ್ಲಿ ಎಲ್ಲವೂ ಇದೆ. ಕಾಲುಚೀಲ, ಬಾಗಿಲು, ಬಂದ್ಯಾ, ಅಂಗಡಿ ಮುಚ್ಚೋಣ. ಕೊನೆಯ ಸಾಲೂ ಇದೆ: ಕೊಡಬೇಕೆಂದು ಇವತ್ತು ಅನ್ನಿಸುತ್ತಿಲ್ಲ. ಅದನ್ನು ಹೊಡೆದುಹಾಕಲು ಪೆನ್ನು ಎತ್ತಿದೆ, ಇಟ್ಟೆ. ತೂಗಿದ ಮೇಲೆ ಚೂರು ತೆಗೆಯಬಾರದು.

ಸ್ಕೇಲು ಹಿಡಿದು ಪುಟವನ್ನು ನೀಟಾಗಿ ಹರಿದೆ, ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗೆ ಹಾಕಿದೆ. ಅವಳು ಓದಿ ಎಷ್ಟು ದಿನ ಫೋನು ಮಾಡುವುದಿಲ್ಲವೋ ಗೊತ್ತಿಲ್ಲ. ನಾನಾಗಿದ್ದರೆ ಬಹಳ ದಿನ ಮಾಡುತ್ತಿರಲಿಲ್ಲ.

ಪೆಟ್ಟಿಗೆಯನ್ನು ಕೆಳಗೆ ಅಂಗಡಿಯ ಮೇಜಿನ ಮೇಲೆ ಇಟ್ಟಿದ್ದೇನೆ, ತಕ್ಕಡಿಯ ಎಡಕ್ಕೆ, ಬಾಗಿಲಿಗೆ ಹತ್ತಿರ. ಬಾಗಿಲಿನ ಹಲಗೆ ನಾಲ್ಕು ವರ್ಷದಿಂದ 'ಮುಚ್ಚಿದೆ' ಎಂದೇ ಇತ್ತು. ತಿರುಗಿಸಿ 'ತೆರೆದಿದೆ' ಮಾಡಿ ಬಂದೆ. ಕಾಲು ಸರಿಯಾದ ಮೇಲೆ ಅವಳು ಬರಲಿ, ಮುಚ್ಚುವುದು ಅವಳ ಕೆಲಸ.

ನಾಳೆ ಸೋಮವಾರ, ನಮ್ಮ ಅಂಚೆ ಕಚೇರಿಯಲ್ಲಿ ಸೋಮವಾರ ಪಾರ್ಸೆಲ್ ತೆಗೆದುಕೊಳ್ಳುವುದಿಲ್ಲ. ಕಳಿಸುವುದು ನಾಡಿದ್ದು, ಮಂಗಳವಾರ, ಮಾರ್ಚ್ 25.